ಹತ್ತುವಾಗ ಒಳ್ಳೇದು, ಇಳಿಯುವಾಗ ಕೆಟ್ಟದ್ದು

ಗುಡ್ಡದ ಬುಡದಲ್ಲಿ, ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ಹಸಿರು ಫಲಕವಿತ್ತು: 'ಸುಲಭದ ದಾರಿ. ಎಲ್ಲ ವಯಸ್ಸಿನವರಿಗೂ. ತುದಿಯಿಂದ ಸುಂದರ ನೋಟ.'

"ಎಲ್ಲ ವಯಸ್ಸಿನವರಿಗೂ ಅಂತೆ," ಎಂದರು ಅತ್ತೆ. "ಬರೆದೋನ ವಯಸ್ಸೆಷ್ಟೋ."

"ಕೋಲು ಎಡಗೈಗೆ," ಎಂದಳು ಸೊಸೆ.

ಬೆಳಗ್ಗೆಯಿಂದ ಅವರಿಬ್ಬರು ನೇರವಾಗಿ ಆಡಿದ ಮೊದಲ ಮಾತು ಅದು. ಕಾರಿನಲ್ಲಿ ಏನಿದ್ದರೂ ಮಗನ ಮೂಲಕವೇ ಸಾಗಿತ್ತು. ಕಿಟಕಿ ಮುಚ್ಚೋಕೆ ಹೇಳು ಅಂತ ಒಬ್ಬರು, ಮುಚ್ಚಿದ್ರೆ ತಲೆ ಸುತ್ತುತ್ತೆ ಅಂತ ಹೇಳು ಅಂತ ಇನ್ನೊಬ್ಬರು. ಮಗ ಯಾರಿಗೂ ಏನೂ ಹೇಳದೆ ಕಿಟಕಿಯನ್ನು ಅರ್ಧಕ್ಕೆ ಇಳಿಸಿದ್ದ.

ಅತ್ತೆ ಕೋಲನ್ನು ಬಲಗೈಯಿಂದ ಎಡಗೈಗೆ ದಾಟಿಸಿದರು. ಸೊಸೆ ಬೂಟಿನ ದಾರ ಕಟ್ಟಿ ತಲೆಯೆತ್ತುವಷ್ಟರಲ್ಲಿ ಅದು ಮತ್ತೆ ಬಲಗೈಯಲ್ಲಿತ್ತು.

ಸೊಸೆ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಅತ್ತೆಯ ಬಲ ಸೊಂಟದ ಕೀಲನ್ನು ಕಳೆದ ವರ್ಷ ಬದಲಿಸಿದ್ದರು. ಅಂದಿನಿಂದ ಅವರು ಮಗನ ಮನೆಯಲ್ಲಿದ್ದರು. ಆಪರೇಷನ್ ಆದವರಿಗೆ ಸೊಸೆ ದಿನವೂ ಕಲಿಸುತ್ತಿದ್ದ ಪಾಠ ಸರಳವಾದದ್ದು: ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು. ಎರಡರಲ್ಲೂ ಮೈಭಾರ ಹೊರುವುದು ಒಳ್ಳೆ ಕಾಲೇ. ಕೋಲು ಮಾತ್ರ ಯಾವಾಗಲೂ ಕೆಟ್ಟ ಕಾಲಿನ ವಿರುದ್ಧದ ಕೈಯಲ್ಲಿರಬೇಕು. ಅಪರಿಚಿತರಿಗೆ ಇದನ್ನು ನೂರು ಸಲ ಹೇಳಿದರೂ ಅವಳ ದನಿ ಏರುತ್ತಿರಲಿಲ್ಲ. ಮನೆಯಲ್ಲಿ ಎರಡನೇ ಸಲಕ್ಕೇ ಏರುತ್ತಿತ್ತು.

"ನನ್ನ ಕಾಲನ್ನ ಕೆಟ್ಟದ್ದು ಅನ್ನೋಕೆ ನೀನ್ಯಾರು?" ಎಂದು ಅತ್ತೆ ಮೊದಲ ವಾರವೇ ಕೇಳಿದ್ದರು. "ಹೊಸದು ಅನ್ನು. ಇದು ಹೊಸದು, ಅದು ಹಳೇದು."

ಅತ್ತೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು. ಇಡೀ ದುಡಿಮೆಯ ಬದುಕನ್ನು ಉದ್ದನೆಯ ಮೇಜಿನ ಮುಂದೆ ನಿಂತು, ಪದರ ಪದರ ಬಟ್ಟೆಗೆ ಕತ್ತರಿ ಹಾಕುತ್ತ ಕಳೆದಿದ್ದರು. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಹೊಲಿಗೆ ನೋಡುತ್ತಿದ್ದರು. ಮಗನ ಮನೆಗೆ ಬಂದ ತಿಂಗಳಲ್ಲೇ ಹಾಲ್‌ನ ಪರದೆಗಳನ್ನು ಬಿಚ್ಚಿ ಹೊಸದಾಗಿ ಅಂಚು ಹೊಲಿದರು. ಆಮೇಲೆ ಒಂದು ದಿನ ಸೊಸೆ ಡ್ಯೂಟಿಗೆ ಹೊರಟಾಗ ಅವಳ ಪ್ಯಾಂಟು ಹಿಮ್ಮಡಿಯಿಂದ ಎರಡು ಬೆರಳು ಮೇಲಕ್ಕೆ ಹೋಗಿತ್ತು.

"ನೆಲ ಗುಡಿಸ್ತಾ ಇತ್ತು," ಎಂದರು ಅತ್ತೆ. "ಸರಿ ಮಾಡಿದೆ."

"ನಾನು ಕೇಳಿದ್ನಾ?"

"ಕೇಳೋವಷ್ಟು ಬುದ್ಧಿ ಇದ್ದಿದ್ರೆ ಅಂಗಡಿಯೋನ ಹತ್ರಾನೇ ಕೇಳ್ತಿದ್ದೆ."

ಅತ್ತೆಯ ಸ್ವಂತ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಗನೋ ಲಿಫ್ಟ್ ರಿಪೇರಿಯವನು. ಅವನ ಪ್ರಕಾರ ಮೆಟ್ಟಿಲೆನ್ನುವುದು ಮನುಷ್ಯ ಇನ್ನೂ ತಿದ್ದಿಕೊಳ್ಳದ ತಪ್ಪು. ಅಮ್ಮ ಅಲ್ಲಿಗೆ ವಾಪಸ್ ಹೋಗುವ ಮಾತೆತ್ತಿದಾಗಲೆಲ್ಲ "ನೋಡೋಣ" ಎನ್ನುತ್ತಿದ್ದ. ಅತ್ತೆಗೆ ಹೋಗಲೇಬೇಕಿತ್ತು. ಸೊಸೆಗೆ ಅವರನ್ನು ಕಳಿಸಲೇಬೇಕಿತ್ತು. ಮಗನ ಮನೆಯಲ್ಲಿ ಅವರಿಬ್ಬರೂ ಒಪ್ಪಿದ್ದ ವಿಷಯ ಅದೊಂದೇ, ಆದರೆ ಆ ಒಪ್ಪಿಗೆಯೂ ಇಬ್ಬರಿಗೂ ಅವಮಾನದ ಹಾಗೆ ಚುಚ್ಚುತ್ತಿತ್ತು.

ಕೊನೆಗೆ ಮಗನೇ ಒಂದು ಪರೀಕ್ಷೆ ಇಟ್ಟ. ಈ ಗುಡ್ಡ ಹತ್ತಿ ಇಳಿಯಬೇಕು. ಕೋಲು ಇರಲಿ, ಆದರೆ ಯಾರ ಕೈಯನ್ನೂ ಹಿಡಿಯಬಾರದು. ಗೆದ್ದರೆ ಅಮ್ಮನ ಮನೆಯ ಬೀಗದ ಕೈ ಅಮ್ಮನಿಗೆ. ಅದು ಈಗ ಅವನ ಜೇಬಿನಲ್ಲಿತ್ತು. ನಡೆದಾಗ ಸಣ್ಣಗೆ ಸದ್ದು ಮಾಡುತ್ತಿತ್ತು.

"ನಾನು ಮುಂದೆ ಹೋಗಿರ್ತೀನಿ," ಎಂದ ಮಗ. "ನೀವಿಬ್ರೂ ನಿಧಾನಕ್ಕೆ ಬನ್ನಿ."

"ಓಡಿ ಹೋಗ್ತಾನೆ ನೋಡು," ಎಂದರು ಅತ್ತೆ, ಯಾರಿಗೂ ಅಲ್ಲ ಎಂಬಂತೆ. "ಚಿಕ್ಕೋನಿದ್ದಾಗಲೂ ಹಾಗೇ. ಮನೇಲಿ ಜೋರು ದನಿ ಕೇಳಿದ್ರೆ ಮಂಚದ ಕೆಳಗೆ."

ದಾರಿ ಫಲಕ ಹೇಳಿದಷ್ಟೇ ಸುಲಭವಾಗಿತ್ತು. ಜಲ್ಲಿ ಹಾಸಿದ, ಗೊತ್ತಾಗದ ಹಾಗೆ ಏರುವ ದಾರಿ, ತಿರುವುಗಳಲ್ಲಿ ಬೆಂಚುಗಳು. ಕೈಗೂಸಿನ ಗಾಡಿ ತಳ್ಳಿಕೊಂಡು ಒಬ್ಬ ಗಂಡಸು ಸಿಳ್ಳೆ ಹಾಕುತ್ತ ಅವರನ್ನು ದಾಟಿ ಹೋದ. ಸೊಸೆ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದಳು. ರೋಗಿಯನ್ನು ಗಮನಿಸಲು ಅದು ಸರಿಯಾದ ಜಾಗ.

"ಎಡಗೈಗೆ ತಗೊಳ್ಳಿ."

"ನನ್ನ ಬೆನ್ನು ನೋಡ್ಕೊಂಡು ನಡೆಯೋಕೆ ನಿನಗೆ ಸಂಬಳ ಬರ್ತಿದೆಯಾ ಇವತ್ತು?"

"ಇವತ್ತು ರಜ. ಅದಕ್ಕೇ ಇಷ್ಟು ಬೇಜಾರು."

ಅತ್ತೆ ಕೋಲು ಬದಲಿಸಿದರು. ಮುಂದಿನ ತಿರುವಿನಲ್ಲಿ ಅದು ಮತ್ತೆ ಬಲಗೈಗೆ ಬಂದಿತ್ತು. ಸೊಸೆ ಹಲ್ಲು ಕಚ್ಚಿದಳು. ಉಪ್ಪಿನ ಡಬ್ಬಿ ಇಲ್ಲಿರಲಿ ಎಂದರೆ ಅಲ್ಲಿಡುವವರು, ಫ್ಯಾನು ಹಾಕಿದರೆ ಆರಿಸುವವರು. ಕೋಲಿನಲ್ಲೂ ಅದೇ ಹಟ. ತನ್ನ ಬಾಯಿಂದ ಬಂದ ಮಾತಿಗೆ ಉಲ್ಟಾ ಮಾಡದಿದ್ದರೆ ಈ ಹೆಂಗಸಿಗೆ ಉಸಿರು ಕಟ್ಟುತ್ತದೆ. ಬೇರೆ ಯಾವ ರೋಗಿಯಾಗಿದ್ದರೂ ಅವಳು ಕೋಲು ಏಕೆ ಕೈ ಬದಲಿಸುತ್ತಿದೆ ಎಂದು ಕೇಳುತ್ತಿದ್ದಳು. ಇಲ್ಲಿ ಅವಳಿಗೆ ಕಾರಣ ಮೊದಲೇ ಗೊತ್ತಿತ್ತು.

ತುದಿಗೆ ಸ್ವಲ್ಪ ಮೊದಲು ದಾರಿ ಮುಗಿದು ಕಲ್ಲಿನ ಮೆಟ್ಟಿಲುಗಳು ಶುರುವಾದವು. ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಅತ್ತೆ ನಿಂತು ಮೇಲೆ ನೋಡಿದರು, ಬಟ್ಟೆಯ ಥಾನು ಅಳೆಯುವವರ ಹಾಗೆ. ಆಮೇಲೆ ಬಲಗಾಲು ಮೇಲಿಟ್ಟರು.

"ಎಡಗಾಲು ಮೊದಲು! ಹತ್ತುವಾಗ ಒಳ್ಳೇದು ಮೊದಲು. ಎಷ್ಟು ಸಲ..."

ಅತ್ತೆ ತಿರುಗಲಿಲ್ಲ. ಎರಡನೇ ಮೆಟ್ಟಿಲಿಗೂ ಬಲಗಾಲು. ಮೂರನೆಯದಕ್ಕೂ.

ಸೊಸೆಯ ಮಾತು ಅಲ್ಲೇ ನಿಂತಿತು. ಬಲಗಾಲು, ಆಪರೇಷನ್ ಆದ ಕಾಲು, ಮೈಯನ್ನು ನೇರವಾಗಿ, ಒಂದಿಷ್ಟೂ ಅಲುಗದೆ ಎತ್ತುತ್ತಿತ್ತು. ಎಡಗಾಲು ಹಿಂದೆ ಬರುತ್ತಿತ್ತು, ಎಳೆದು ತಂದ ಹಾಗೆ. ಮಂಡಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಭಾರ ಬಿದ್ದ ಕ್ಷಣ ಒಳಕ್ಕೆ ವಾಲಿ, ಕೋಲಿಗಾಗಿ ಕಾಯುತ್ತಿತ್ತು. ಕೋಲು ಬಲಗೈಯಲ್ಲಿತ್ತು. ಅದು ಇರಬೇಕಾದ ಕೈಯಲ್ಲೇ ಇತ್ತು.

ಹಟವಲ್ಲ. ಹಳೇದು ಸವೆದು ಹೋಗಿತ್ತು. ಮೇಜಿನ ಮುಂದೆ ಯಾವ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದರು ಎಂದು ಅವಳು ಒಂದು ದಿನವೂ ಕೇಳಿರಲಿಲ್ಲ.

ಅತ್ತೆ ನಿಂತರು. ಹಿಂದೆ ಸದ್ದಿಲ್ಲದ್ದರಿಂದಲೇ ಅವರಿಗೆ ತಿಳಿಯಿತು.

"ನೋಡ್ಬಿಟ್ಟೆಯಾ?"

"ಎಷ್ಟು ದಿನದಿಂದ?"

"ನಿನಗೇನು?"

"ಎಡಮಂಡಿ ಹೋಗಿದೆ. ಮೂರು ಮಹಡಿ ಇಳಿಯುವಾಗ ಬೀಳ್ತೀರಿ."

"ಬಿದ್ರೆ ನನ್ನ ಮೆಟ್ಟಿಲ ಮೇಲೆ ಬೀಳ್ತೀನಿ." ಅತ್ತೆ ದನಿ ತಗ್ಗಿಸಿದರು. ಮೇಲೆ ಮಗನ ತಲೆ ಕಾಣುತ್ತಿತ್ತು. "ಅವನಿಗೆ ಗೊತ್ತಾದ್ರೆ ಇನ್ನೊಂದು ಆಪರೇಷನ್, ಇನ್ನೊಂದು ವರ್ಷ ನಿನ್ನ ಮನೆ. ಆಮೇಲೆ ಅಲ್ಲೇ ಅಂತ್ಯ. ನಿನಗೂ ನಾನು ತೊಲಗಬೇಕು ತಾನೆ? ನಾಟಕ ಬೇಡ. ಬಾಯಿ ಮುಚ್ಕೊಂಡು ಬಾ. ಜೀವನದಲ್ಲಿ ಒಂದು ಸಲ ಇಬ್ರಿಗೂ ಲಾಭ ಆಗ್ಲಿ."

ಸೊಸೆ ಬಾಯಿ ಮುಚ್ಚಿಕೊಂಡು ಹತ್ತಿದಳು. ಹಾಲ್ ತನ್ನದಾಗುತ್ತದೆ, ಅಡುಗೆಮನೆ ತನ್ನದಾಗುತ್ತದೆ, ಸಂಜೆ ಬಾಗಿಲು ತೆಗೆದಾಗ ಅವಳನ್ನು ಬುಡದಿಂದ ತುದಿಯವರೆಗೆ ಅಳೆಯುವ ಕಣ್ಣುಗಳು ಇರುವುದಿಲ್ಲ. ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು.

ತುದಿಯಲ್ಲಿ ಗಾಳಿ ಜೋರಾಗಿತ್ತು. ಕೆಳಗೆ ಇಡೀ ಊರು, ಅದರಾಚೆ ಕೆರೆ, ಬಿಸಿಲಿಗೆ ಸೀಸದ ಬಣ್ಣ. ಮಗ ಫೋನಿನಲ್ಲಿ ಅಮ್ಮನ ಕೊನೆಯ ಹೆಜ್ಜೆಗಳನ್ನು ಚಿತ್ರ ಹಿಡಿಯುತ್ತಿದ್ದ.

"ಅಮ್ಮ, ಭಲೇ! ಹೇಗೆ ನಡೆದ್ಲು?" ಎಂದು ಹೆಂಡತಿಯನ್ನು ಕೇಳಿದ.

"ಹತ್ತಿದ್ರಲ್ಲ," ಎಂದಳು ಸೊಸೆ.

ಅವನು ನಗುತ್ತ ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದ. "ಇಳಿದ ಮೇಲೆ ಅಂದಿದ್ದೆ. ಆದ್ರೆ ಹತ್ತೋದೇ ಕಷ್ಟ, ಅಲ್ವಾ? ತಗೋ."

ಅತ್ತೆ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಊರಿನ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. "ಅಲ್ಲಿ," ಎಂದರು. "ನೀಲಿ ನೀರಿನ ಟ್ಯಾಂಕು. ಅದರ ಕೆಳಗಿನ ಕಿಟಕಿ ನನ್ನದು." ಅಷ್ಟು ದೂರದಿಂದ ಯಾವ ಕಿಟಕಿಯೂ ಕಾಣುತ್ತಿರಲಿಲ್ಲ. ಸೊಸೆ ಆ ಮುಖದಲ್ಲಿ ಇಂಥ ನಗೆಯನ್ನು ನೋಡಿರಲಿಲ್ಲ. ಅದು ತನ್ನ ಕಡೆಗಲ್ಲ ಎಂಬುದೂ ಅವಳಿಗೆ ತಿಳಿದಿತ್ತು.

ಆಮೇಲೆ ಮೆಟ್ಟಿಲು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂದು ಲಿಫ್ಟ್ ರಿಪೇರಿಯವನಿಗೆ ಯಾರೂ ಹೇಳಿರಲಿಲ್ಲ. ಅತ್ತೆ ಅಂಚಿನಲ್ಲಿ ನಿಂತರು. ಮಗ ಫೋನು ಹಿಡಿದು ಪಕ್ಕದಲ್ಲೇ ನಿಂತಿದ್ದ.

"ಹೇಳು," ಎಂದ ಹೆಂಡತಿಗೆ. "ನಿನ್ನ ಪಾಠ. ಇಳಿಯುವಾಗ ಕೆಟ್ಟದ್ದು ಮೊದಲು, ಅಂದ್ರೆ ಬಲಗಾಲು. ಅಲ್ವಾ?"

ಮಗ ನೋಡುತ್ತಿದ್ದ, ಬಲಗಾಲು ಇಡಲೇಬೇಕು. ಕೋಲು ಎಡಗೈಗೆ ದಾಟಿತು. ಬಲಗಾಲು ಗಾಳಿಯಲ್ಲಿ ಮುಂದಕ್ಕೆ ಬಂತು. ಇಡೀ ಭಾರ ಹಿಂದಿನ ಎಡಮಂಡಿಯ ಮೇಲೆ ಬಿತ್ತು, ಅದು ನಡುಗತೊಡಗಿತು. ಮುಂದೇನಾಗುತ್ತದೆ ಎಂಬುದನ್ನು ಸೊಸೆ ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದಳು.

"ಎಡಗಾಲು," ಎಂದಳು. "ಎಡಗಾಲು ಮೊದಲು."

ಬಲಗಾಲು ಹಿಂದಕ್ಕೆ ಬಂತು. ಗಾಳಿ ಬೀಸಿತು.

"ಎಡಗಾಲಾ?" ಮಗ ಫೋನು ಇಳಿಸಿದ. "ಆಪರೇಷನ್ ಆಗಿದ್ದು ಬಲಗಡೆ ಅಲ್ವಾ?"

"ಬಲಗಡೆ ಚೆನ್ನಾಗಿದೆ. ಎಡಮಂಡಿ ಹೋಗಿದೆ."

ಅವನು ಇಬ್ಬರನ್ನೂ ನೋಡಿದ. ನಂತರ ಬೀಗದ ಕೈಗಾಗಿ ಅಮ್ಮನ ಮುಂದೆ ಅಂಗೈ ಚಾಚಿದ.

ಅತ್ತೆ ಅದನ್ನು ಗಮನಿಸಲೇ ಇಲ್ಲ ಎಂಬಂತೆ ಸೊಸೆಯ ಕಡೆ ತಿರುಗಿ, ಬೀಗದ ಕೈಯನ್ನು ಅವಳ ಕೋಟಿನ ಜೇಬಿಗೆ ಜೋರಾಗಿ ತುರುಕಿದರು. ಜೇಬಿನ ಹೊಲಿಗೆ ಚಟಕ್ಕೆಂದು ಬಿಟ್ಟಿತು.

"ನೀನೇ ಇಟ್ಕೋ. ಕಿತ್ಕೊಂಡೋಳು ನೀನು ತಾನೆ. ಒಂದು ಸಲ ಸುಮ್ನಿರೋಕಾಗ್ಲಿಲ್ಲ ನಿನಗೆ."

"ಆಗ್ಲಿಲ್ಲ."

"ದರಿದ್ರದೋಳೇ."

"ಕೋಲು ಬಲಗೈಗೆ ತಗೊಳ್ಳಿ," ಎಂದಳು ಸೊಸೆ.

"ಬೆಳಗ್ಗೆಯಿಂದ ಬಲಗೈಯಲ್ಲೇ ಇಟ್ಕೊಂಡಿದ್ದೆ," ಎಂದರು ಅತ್ತೆ. "ನೀನೇ ಬಿಡ್ಲಿಲ್ಲ."

ಅವರು ಕೋಲು ಬದಲಿಸಿ, ಎಡಗಾಲನ್ನು ಕೆಳಗಿನ ಕಲ್ಲಿನ ಮೇಲಿಟ್ಟರು.