ನಾರಾಯಣಪೇಟದ ತಂಪು ಬಣ್ಣ

ಗದ್ವಾಲದ ಹೊರವಲಯದಲ್ಲಿ ಹೊಸದಾಗಿ ಎದ್ದಿದ್ದ ಖಾಸಗಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಅಂಜನಕುಮಾರ್ ಅವರ ತಂಡ ಸಾವಿರಾರು ಹೊಸ ವಸ್ತುಗಳನ್ನು ಕಂಡುಹಿಡಿದಿತ್ತು. ಒಂದನ್ನೂ ಯಾರೂ ಕಣ್ಣಾರೆ ಕಂಡಿರಲಿಲ್ಲ. ಎಲ್ಲವೂ ಕಂಪ್ಯೂಟರಿನೊಳಗೆ ಸುಖವಾಗಿದ್ದವು. ಯಾವುದಕ್ಕೆ ಯಾವುದನ್ನು ಬೆರೆಸಿದರೆ ಏನಾದೀತು ಎಂದು ಕೃತಕ ಬುದ್ಧಿಮತ್ತೆ ಪ್ರೊಫೆಸರಿಗೆ ಹೇಳುತ್ತಿತ್ತು. ಪ್ರೊಫೆಸರು ಪತ್ರಿಕೆಯವರಿಗೆ ಹೇಳುತ್ತಿದ್ದರು.

ವಸ್ತುವನ್ನು ನಿಜವಾಗಿ ತಯಾರಿಸಿ ನೋಡುವ ಹುಚ್ಚು ಇದ್ದದ್ದು ಶೈಲಜಾ ಒಬ್ಬಳಿಗೇ. ಮಕ್ತಲ್‌ನ ಹತ್ತಿ ವ್ಯಾಪಾರಿ ಶರಣಬಸವನ ಮಗಳು, ಈ ತಂಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಅವಳು ಪ್ರಯೋಗಶಾಲೆಗೆ ಹೊರಟರೆ ಉಳಿದವರು, ಪಾಪ, ಪಾತ್ರೆ ತೊಳೆಯಲು ಹೊರಟಳು ಎಂಬಂತೆ ಮರುಕದಿಂದ ನೋಡುತ್ತಿದ್ದರು.

ಬೇಸಿಗೆಯಲ್ಲಿ ಯಂತ್ರ ಒಂದು ಬಿಳಿ ಪುಡಿಯನ್ನು ಆರಿಸಿಕೊಟ್ಟಿತು. ಬಣ್ಣದಲ್ಲಿ ಬೆರೆಸಿ ತಗಡಿಗೆ ಬಳಿದರೆ ಬಿಸಿಲು ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗುತ್ತದಂತೆ. ಪ್ರೊಫೆಸರು ಅಂದೇ ನಾರಾಯಣಪೇಟದ ಮಾರುಕಟ್ಟೆಯ ತಗಡಿನ ಶೆಡ್ಡಿನಲ್ಲಿ ಪ್ರದರ್ಶನ ಘೋಷಿಸಿಬಿಟ್ಟರು.

ಶೈಲಜಾ ಪುಡಿ ತಯಾರಿಸಿ ಕಿಟಕಿಯಲ್ಲಿಟ್ಟಳು. ಸಂಜೆಯೊಳಗೆ ಅದು ಅರಿಶಿನದ ಬಣ್ಣಕ್ಕೆ ತಿರುಗಿತ್ತು.

"ಸರ, ಇದು ಬಿಸಿಲು ತಡಿಯಂಗಿಲ್ರಿ. ಕಂಪ್ಯೂಟರ್ ಲೆಕ್ಕ ಹಾಕಿದ್ದು ಜಗತ್ತಿನಾಗ ಇರೋ ಚಳಿ ಎಲ್ಲಾ ಮೀರಿದ ಚಳಿಗೆ. ಅಲ್ಲಿ ಗಾಳಿನೂ ಇಲ್ಲ."

"ಮತ್ತ?"

"ನಾರಾಯಣಪೇಟದಾಗ ಬ್ಯಾಸಗಿ ಐತ್ರಿ. ಗಾಳಿನೂ ಐತಿ."

"ಅದು ಸಣ್ಣ ತಿದ್ದುಪಡಿ," ಎಂದರು ಪ್ರೊಫೆಸರು. "ಮಾಡೆಲ್‌ಗೆ ತೊಂಬತ್ತೇಳು ಪರ್ಸೆಂಟ್ ಭರವಸೆ ಐತಿ. ನಿನಗ ಎಷ್ಟೈತಿ?"

ಭರವಸೆಯನ್ನು ಪರ್ಸೆಂಟಿನಲ್ಲಿ ಅಳೆದು ಶೈಲಜಾಳಿಗೆ ರೂಢಿಯಿರಲಿಲ್ಲ. ಹಳದಿ ಪುಡಿಯನ್ನು ಅವರ ಮೇಜಿನ ಮೇಲಿಟ್ಟು ಹೊರಟಳು. ಪ್ರೊಫೆಸರು ಅದನ್ನು ಒಪ್ಪಿಗೆ ಎಂದುಕೊಂಡರು.

ಪ್ರದರ್ಶನದ ದಿನ ಫೋಟೋದಲ್ಲಿ ಕಾಣಲಿ ಎಂದು ತಗಡಿನ ಒಳಮೈಗೂ ಬಣ್ಣ ಬಳಿಸಿದ್ದರು. ಶಾಲು, ಹಾರಗಳು ಮುಗಿದವು. "ಇನ್ನು ಮ್ಯಾಲ ಈ ಊರಾಗ ಫ್ಯಾನ್ ಬೇಕಾಗಂಗಿಲ್ಲ," ಎಂದು ಪ್ರೊಫೆಸರು ಫ್ಯಾನಿನ ಎದುರು ನಿಂತು ಸಾರಿದರು. ಅಷ್ಟರಲ್ಲಿ ಮೇಲಿನಿಂದ ಹಳದಿ ಚಕ್ಕೆಗಳು ಉದುರತೊಡಗಿದವು. ಮುಖ್ಯ ಅತಿಥಿಯಾಗಿದ್ದ ವರ್ತಕರ ಸಂಘದ ಅಧ್ಯಕ್ಷ ಆದೆಪ್ಪ ಪುಷ್ಪವೃಷ್ಟಿ ಎಂದುಕೊಂಡು ಕೈಮುಗಿದರು. ಆಮೇಲೆ ಸೀನಿದರು.

"ಏನ್ರಿ ಸರ, ತಲಿ ಮ್ಯಾಲ ಉದರಾಕ ಹತ್ತೈತಿ?"

"ತಾಂತ್ರಿಕ ವಿಷಯ. ಶೈಲಜಾ ಹೇಳ್ತಾಳ," ಎಂದು ಪ್ರೊಫೆಸರು ಮೈಕನ್ನು ಅವಳ ಕೈಗೆ ದಾಟಿಸಿದರು.

ಸುಳ್ಳು ಹೇಳಿದರೆ ಪಿಎಚ್‌ಡಿ ಉಳಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಎದುರಿಗೆ ಕೂತವರ ತಲೆಗಳೆಲ್ಲ ಹಳದಿಯಾಗಿದ್ದವು. ಯಾವ ಬಾಯಿಂದ ಸುಳ್ಳು ಹೇಳುವುದು?

"ಬಣ್ಣ ಕೆಟ್ಟೈತ್ರಿ," ಎಂದಳು. "ಸಭಾ ಸುರು ಆಗೂ ಮೊದಲ ಎರಡೂ ಕಡೆ ಬಿಸಿ ಅಳದು ನೋಡೀನಿ. ಬಣ್ಣ ಹಚ್ಚಲಾರದ ಬಾಜೂ ಶೆಡ್ಡು ಇದಕ್ಕಿಂತ ತಣ್ಣಗೈತಿ."

ಆದೆಪ್ಪ ಕುರ್ಚಿ ಎತ್ತಿಕೊಂಡು ಪಕ್ಕದ ಶೆಡ್ಡಿಗೆ ನಡೆದರು. ಸಭೆ ಅವರ ಹಿಂದೆ ಹೋಯಿತು.

ಪಿಎಚ್‌ಡಿ ಹೋಯಿತೆಂದೇ ಶೈಲಜಾ ತಿಳಿದಿದ್ದಳು. ಪ್ರೊಫೆಸರು ಅಷ್ಟು ಸಣ್ಣವರಲ್ಲ. 'ಬಿಸಿಲಿಗೆ ತಾನಾಗಿ ಕಳಚಿಕೊಳ್ಳುವ ಜಾಣ ಬಣ್ಣ' ಎಂದು ಪ್ರಬಂಧ ಬರೆದು ಹೈದರಾಬಾದಿನಲ್ಲಿ ಪ್ರಶಸ್ತಿ ಪಡೆದರು.

"ಪ್ರಬಂಧದಾಗಿನ ನನ್ನ ಹೆಸರು ತೆಗೀರಿ ಸರ," ಎಂದಳು ಶೈಲಜಾ. ಅದೊಂದು ಮಾತನ್ನು ಅವರು ತಕ್ಷಣ ಕೇಳಿದರು.

ಅವಳು ಆ ಸೋಲನ್ನೂ, ತನ್ನ ಹಿಂದಿನ ಸೋಲುಗಳನ್ನೂ ಒಂದೊಂದಾಗಿ ಯಂತ್ರಕ್ಕೆ ಉಣಿಸುತ್ತ ಕೂತಳು. ಅಲ್ಲಿಯವರೆಗೆ ಅದಕ್ಕೆ ಗೆಲುವು ಬಿಟ್ಟು ಬೇರೇನನ್ನೂ ಯಾರೂ ಕಲಿಸಿರಲಿಲ್ಲ. ಮಳೆಗಾಲದಲ್ಲಿ ಪ್ರೊಫೆಸರು ಮತ್ತೊಂದು ಮಹಾವಸ್ತುವಿನ ಬಗ್ಗೆ ಕೇಳಿದಾಗ ಯಂತ್ರ ಮೊದಲ ಸಲ 'ಇದು ತಾಳಲಿಕ್ಕಿಲ್ಲ' ಎಂದಿತು.

ಪ್ರೊಫೆಸರು ಪರದೆಯನ್ನು ದುರುಗುಟ್ಟಿ ನೋಡಿದರು.

"ಕಂಪ್ಯೂಟರ್ ಕೆಟ್ಟೈತಿ. ರಿಪೇರಿಯವರನ್ನ ಕರೀರಿ."

ಶೈಲಜಾಳಿಗೆ ನಗು ತಡೆಯಲಾಗಲಿಲ್ಲ.