ಜೇಡಿಮಣ್ಣಿನ ತಳ

ಬಜೆ ಬೇರಿನ ವಾಸನೆ, ಕಿತ್ತ ಕೂಡಲೇ ಮೂಗಿಗೆ ಅಡರುತ್ತದೆ, ಎಳೆಗೂಸಿನ ನಾಲಗೆಗೆ ತೇಯ್ದು ಹಚ್ಚುತ್ತಾರಲ್ಲ ಅದೇ ವಾಸನೆ, ಇನ್ನೊಂದು ಬುಡ, ಮತ್ತೊಂದು, ಜಲ್ಲಿಯೊಳಗೆ ಬೇರು ಎಷ್ಟು ಬಿಗಿಯಾಗಿ ಹೆಣೆದುಕೊಂಡಿದೆ ಎಂದರೆ ಗಿಡದ ಜೊತೆ ಕಲ್ಲೂ ಎದ್ದು ಬರುತ್ತಿದೆ, ಬರಲಿ, ಎಲ್ಲವೂ ಬರಲಿ, ಹತ್ತು ಗಂಟೆಗೆ ಕಾಂಕ್ರೀಟ್ ಗಾಡಿ ಬರುತ್ತದಂತೆ, ಅಷ್ಟರಲ್ಲಿ ಕೊಳದ ಪಕ್ಕದ ಈ ಜವುಗು ಗಿಡಗಳೆಲ್ಲ ಖಾಲಿಯಾಗಬೇಕಂತೆ. ಬ್ಯಾಟಪ್ಪ, ಬೇಗ್ ಬೇಗ್ ಕೈ ಆಡ್ಸು, ಗಾಡಿ ಹೆಬ್ಬಾಳ ಫ್ಲೈಓವರ್ ದಾಟಿದ್ಯಂತೆ ಎಂದು ಎರಡನೇ ಮಹಡಿಯ ಬಾಲ್ಕನಿಯಿಂದ ಕಾಫಿ ಲೋಟ ಹಿಡಿದುಕೊಂಡೇ ನಂದಕುಮಾರ್ ಕೂಗುತ್ತಾನೆ, ಅಸೋಸಿಯೇಷನ್ ಸೆಕ್ರೆಟರಿ ನಂದಕುಮಾರ್, ನನಗಿಂತ ಹದಿನೆಂಟು ವರ್ಷ ಚಿಕ್ಕವನು, ನನ್ನ ಪೂರ್ತಿ ಹೆಸರು ಬ್ಯಾಟರಾಯಪ್ಪ ಎಂದು ಸಂಬಳದ ಪುಸ್ತಕದಲ್ಲಿ ಅವನೇ ಬರೆಯುತ್ತಾನೆ, ಬಾಯಲ್ಲಿ ಮಾತ್ರ ಬರುವುದಿಲ್ಲ. ಅವನ ತಾತನಿಗೂ ಬರುತ್ತಿರಲಿಲ್ಲ. ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಏ ಮುನಿಯ, ನಮ್ ಗದ್ದೆಗೆ ನೀರ್ ಯಾವಾಗ್ಲೋ ಎಂದು ಅಪ್ಪನನ್ನು ಕೇಳುತ್ತಿದ್ದ, ಅಪ್ಪ ಮುನಿಯಣ್ಣ ಊರ ಕೆರೆಯ ನೀರಗಂಟಿ, ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುತ್ತಿದ್ದವನು, ಏರಿ ಸೋರಿದರೆ ಕಿವಿಯಿಟ್ಟು ಕೇಳಿ ಜಾಗ ತೋರಿಸುತ್ತಿದ್ದವನು, ಇಡೀ ಊರಿನ ಅನ್ನ ಅವನ ಕೈಯಲ್ಲಿತ್ತು, ಆದರೂ ಅಂಗಳದ ಆಚೆ ಬಿಸಿಲಿನಲ್ಲೇ ನಿಂತು ಉತ್ತರ ಕೊಡಬೇಕಿತ್ತು. ಆ ಗದ್ದೆಯ ಮೇಲೇ ಈಗ ಅಪಾರ್ಟ್ಮೆಂಟಿನ ನಾಲ್ಕು ಬ್ಲಾಕ್ ಎದ್ದಿವೆ, ಜಗಲಿ ಹೋಗಿ ಬಾಲ್ಕನಿ ಬಂದಿದೆ, ನಾನು ಕೆಳಗೆ ನಿಂತಿದ್ದೇನೆ, ಬಂದೆ ಸಾರ್ ಎನ್ನುತ್ತೇನೆ, ಹಲ್ಲು ಕಚ್ಚಿಕೊಂಡು ಇನ್ನೊಂದು ಬುಡಕ್ಕೆ ಕೈ ಹಾಕುತ್ತೇನೆ.

ಜನವರಿಯಲ್ಲಿ ಮೀಟಿಂಗ್ ಆದಾಗಲೂ ನಾನು ಹಿಂದೆ ನಿಂತಿದ್ದೆ, ಕುರ್ಚಿ ಜೋಡಿಸಿ, ಗೋಡೆಗೆ ಒರಗಿ. ಮುಂದೆ ಆ ಹುಡುಗಿ, ಪದ್ಮಶ್ರೀ, ಗದಗದ ಕಡೆಯವಳು, ಕೊಳ ಕಟ್ಟಿಸಿಕೊಡುವುದೇ ಕಸುಬಂತೆ, ಅದಕ್ಕೂ ಓದು ಇದೆಯಂತೆ. ಸಿಮೆಂಟ್ ಬ್ಯಾಡ್ರಿ, ಪ್ಲಾಸ್ಟಿಕ್ ಹಾಳಿ ಬ್ಯಾಡ್ರಿ, ತಳಕ್ಕ ಜೇಡಿಮಣ್ಣು, ಬಾಜೂಕ ಜಲ್ಲಿ ಹಾಸಿ ಜವಳು ಗಿಡ ಹಚ್ಚೂಣು, ನೀರು ಆ ಬೇರಿನಾಗ ಹಾದು ಸ್ವಚ್ಛ ಆಗಿ ಹೊಳ್ಳಿ ಕೊಳಕ್ಕ ಬರ್ತೇತಿ, ಕಪ್ಪಿ ಹಕ್ಕಿ ಎಲ್ಲಾ ತಾವಾ ಬರ್ತಾವ, ಯಾರೂ ಕರಿಯೂದು ಬ್ಯಾಡ ಎಂದಳು, ಎಲ್ಲರೂ ಚಪ್ಪಾಳೆ ತಟ್ಟಿದರು, ಕಪ್ಪೆಗಳಿದ್ದ ಗದ್ದೆಯನ್ನು ಮುಚ್ಚಿ ಮನೆ ಮಾಡಿಕೊಂಡ ಜನ ಕಪ್ಪೆ ಬರಲಿ ಎಂದು ಚಪ್ಪಾಳೆ ತಟ್ಟಿದರು. ಯಾರೋ ಒಬ್ಬಾಕೆ, ನಮ್ಮ ಮಾಲಿ ಇದೇ ಊರಿನವರಲ್ವಾ, ಅವರನ್ನೂ ಕೇಳ್ಬಹುದು ಎಂದಳು, ನಂದಕುಮಾರ್ ನಕ್ಕ — ಅವನಿಗೇನ್ ಗೊತ್ತು ಮೇಡಮ್, ಪೈಪ್ ಹಿಡ್ಕೊಂಡು ಹುಲ್ಲಿಗೆ ನೀರ್ ಬಿಡೋದು ಗೊತ್ತು. ಕೂತವರೂ ನಕ್ಕರು. ನಾನೂ ನಕ್ಕೆ, ಅದೇ ನನಗೆ ಇವತ್ತಿಗೂ ಉರಿಯುವುದು. ಶೆಟ್ಟಿಹಳ್ಳಿಯಲ್ಲಿ ಯಾರದೋ ಬೇಸ್‌ಮೆಂಟ್ ಅಗೆದ ಜೇಡಿಮಣ್ಣು ಲಾರಿಯಲ್ಲಿ ಬಂತು, ಒಂದು ಹಿಡಿ ನೆನೆಸಿ ಅಂಗೈಯಲ್ಲಿ ಹೊಸೆದು ಬಳೆಯಂತೆ ಬಗ್ಗಿಸಿ ನೋಡಿದೆ, ಬಿರುಕು ಬಿಡಲಿಲ್ಲ, ಅಪ್ಪ ಒಪ್ಪುತ್ತಿದ್ದ ಮಣ್ಣು. ಗುತ್ತಿಗೆಗೆ ಬಂದ ಕೂಲಿಯವರು ಅದನ್ನು ಒಣದಾಗಿಯೇ ಹರಡಿ ಮೆಷಿನ್ನಿನಲ್ಲಿ ಬಡಿದರು. ಸೋರುತ್ತದೆ ಎಂದು ನನಗೆ ಗೊತ್ತು, ಸುಮ್ಮನಿದ್ದೆ, ಹುಲ್ಲಿಗೆ ನೀರು ಬಿಡುತ್ತಿದ್ದೆ. ಕೊಳಕ್ಕೆ ನೀರು ತುಂಬಿಸಿದ ನಾಲ್ಕೇ ದಿನದಲ್ಲಿ ಒಂದು ಮೊಳ ಇಳಿಯಿತು, ಏನ್ ಬ್ಯಾಟಪ್ಪ, ನಲ್ಲಿ ಸರಿಯಾಗಿ ತಿರುಗ್ಸಿರ್ಲಿಲ್ವಾ, ಇಲ್ಲಾ ನೀರೇ ತುಂಬ್ಸಿಲ್ವಾ ಎಂದು ನಂದಕುಮಾರ್ ವಾಕಿಂಗಿಗೆ ಬಂದವರ ಮುಂದೆ ಕೇಳಿದ. ತುಂಬ್ಸಿದ್ದೆ ಸಾರ್ ಎಂದೆ. ಅಷ್ಟೇ ಎಂದೆ.

ಬಾಯಿ ಬಿಟ್ಟವಳು ಗೌರಮ್ಮ, ಮೆಟ್ಟಿಲು ಗುಡಿಸುವವಳು, ಅವ್ರಪ್ಪ ನೀರಗಂಟಿ ಕಣಮ್ಮ, ಅವ್ರನ್ನೇ ಕೇಳು ಎಂದು ಪದ್ಮಶ್ರೀಗೆ ಹೇಳಿಬಿಟ್ಟಿದ್ದಳು, ಯಾರು ಕೇಳಿದ್ದರು ಅವಳನ್ನು. ಆ ಹುಡುಗಿ ಓಡಿ ಬಂತು, ಕಾಕಾ, ಎಲ್ಲೆ ತಪ್ಪಾತು ಹೇಳ್ರಿ, ನನಗ ತಿಳೀವಲ್ದು. ನಂಗೇನ್ ಗೊತ್ತು, ಉಲ್ಲಿಗೆ ನೀರ್ ಬಿಡೋದು ಗೊತ್ತು ಎಂದೆ. ಅವಳ ಮುಖ ಸಣ್ಣಗಾಯಿತು, ಖುಷಿಯಾಯಿತು ನನಗೆ. ಮಾರನೇ ದಿನವೂ ಬಂದಳು, ಅದರ ಮಾರನೇ ದಿನವೂ ಬಂದು ಕಲ್ಲಿನ ಮೇಲೆ ಕೂತಳು, ನನಗೇ ತಡೆಯಲಾಗಲಿಲ್ಲ — ಒಣಮಣ್ಣು ಬಡುದ್ರೆ ನೀರ್ ನಿಂತ್ಕಂತದಾ, ನೆನಾಕ್ಬೇಕು, ತುಳೀಬೇಕು, ಮೂರ್ ಪದರ, ಒಂದೊಂದ್ ಪದರಾನೂ ಕಾಲ್ ಊತೋಗ್ದಂಗೆ ಆಗೋ ಗಂಟ ಎಂದುಬಿಟ್ಟೆ. ಅವಳು ಅಲ್ಲೇ ಶೂ ಬಿಚ್ಚಿದಳು. ಒಂಬತ್ತು ದಿನ ತುಳಿದೆವು, ನಾನು, ಗೌರಮ್ಮ, ಅವಳು, ಮೊಣಕಾಲಿನವರೆಗೆ ಮಣ್ಣು, ಸಾಲು ಹಿಡಿದು ಹೋಗುವುದು, ಸಾಲು ಹಿಡಿದು ಬರುವುದು, ಮೂರನೇ ದಿನಕ್ಕೆ ಅವಳ ಅಂಗಾಲಿನಲ್ಲಿ ಬೊಬ್ಬೆ ಒಡೆದು ರಕ್ತ ಬಂದರೂ ಬಟ್ಟೆ ಸುತ್ತಿಕೊಂಡು ಇಳಿದಳು, ಅಪ್ಪ ಏನು ಹಾಡುತ್ತಿದ್ದ, ಏರಿ ಸೋರುವುದು ಹೇಗೆ ಕೇಳುತ್ತದೆ ಎಂದು ಕೇಳಿ ಕೇಳಿ ಪುಸ್ತಕದಲ್ಲಿ ಬರೆದುಕೊಂಡಳು, ನಾನೂ ಹೇಳುತ್ತಾ ಹೋದೆ, ನಲವತ್ತು ವರ್ಷದಿಂದ ಯಾರೂ ಕೇಳದ್ದನ್ನು ದಡ್ಡನ ಹಾಗೆ ಹೇಳುತ್ತಾ ಹೋದೆ. ಎಂಟನೇ ದಿನ ಸಂಜೆ ಬೋರ್ಡ್ ನೆಟ್ಟರು. ಅಕ್ಷರ ಕೂಡಿಸಿ ಓದಿದೆ. ನೈಸರ್ಗಿಕ ಕೊಳ. ವಿನ್ಯಾಸ ಪದ್ಮಶ್ರೀ. ಮಾರ್ಗದರ್ಶನ ನಂದಕುಮಾರ್. ಎರಡು ಸಲ ಓದಿದೆ, ಹಿಂಬದಿಗೆ ಹೋಗಿಯೂ ನೋಡಿದೆ, ಬರೀ ತಗಡು. ಮಣ್ಣಿನ ಗುಡ್ಡೆ ಬಿದ್ದಿದ್ದರಿಂದ ಎ ಬ್ಲಾಕಿನ ಕಡೆಯ ಮೂಲೆಯೊಂದು ತುಳಿಯದೆ ಉಳಿದಿತ್ತು, ಆ ಮೂಲೆಯ ಅಡಿಯಲ್ಲಿ ಹಳೆಯ ಬೋರ್‌ವೆಲ್ ಪೈಪ್ ಎ ಬ್ಲಾಕಿನವರೆಗೆ ಹಾಯ್ದಿದ್ದ ಚರಂಡಿ ಇದೆ, ಪೈಪ್ ತೆಗೆದು ಮರಳು ತುಂಬಿ ಮುಚ್ಚಿದವನು ನಾನೇ, ಅದನ್ನು ಅಗೆದು ಮರಳೆಲ್ಲ ತೆಗೆದು ಜೇಡಿ ಗಿಡಿದು ತುಂಬದಿದ್ದರೆ ಮೇಲಿನ ಮಣ್ಣು ಇವತ್ತಲ್ಲ ನಾಳೆ ಕುಸಿಯುತ್ತದೆ. ಬೆಳಿಗ್ಗೆ ಹೇಳೋಣ ಎಂದುಕೊಂಡಿದ್ದೆ. ಬೆಳಿಗ್ಗೆ ಆ ಹುಡುಗಿ, ಈ ಮೂಲಿ ಹಿಂಗಾ ತುಳಿಯೂಣೇನ್ರಿ ಕಾಕಾ ಎಂದು ಕೇಳಿತು. ಊ, ತುಳಿ ಎಂದೆ. ನಾನೂ ಜೊತೆಗೆ ತುಳಿದೆ, ಹಿಮ್ಮಡಿ ಒತ್ತಿ ಒತ್ತಿ.

ನಲವತ್ತು ದಿನ ನಿಂತಿತು. ಕೊಳ ತುಂಬಿ, ಬಜೆ ಜೊಂಡು ಹಿಡಿದು, ನೀರು ತಿಳಿಯಾಗಿ ತಳದ ಗೊದಮೊಟ್ಟೆ ಕಾಣುತ್ತಿತ್ತು, ಏರೋಪ್ಲೇನ್ ಚಿಟ್ಟೆ ಬಂದವು, ಒಂದು ಬೆಳಿಗ್ಗೆ ಮಿಂಚುಳ್ಳಿ ಕೂಡ, ಎಲ್ಲರೂ ಫೋನ್ ಹಿಡಿದು ಬಂದರು, ಪೈಪ್ ಹಿಡಿದು ನಿಂತ ನನಗೆ ಸ್ವಲ್ಪ ಸೈಡಿಗೆ ಬನ್ನಿ, ಫೋಟೋದಲ್ಲಿ ಬರ್ತೀರಿ ಎಂದರು. ಸೈಡಿಗೆ ಹೋದೆ. ಕಾಯುತ್ತಿದ್ದೆ. ಒಂದು ಸೋಮವಾರ ಆ ಮೂಲೆ ಕುಸಿದು ಎ ಬ್ಲಾಕಿನ ಲಿಫ್ಟಿನ ತಳದ ಗುಂಡಿಯೊಳಗೆ ನೀರು ನುಗ್ಗಿ ಲಿಫ್ಟ್ ನಿಂತಿತು, ಮೂರನೇ ಮಹಡಿಯ ಮೊಯಿನುದ್ದೀನ್ ಸಾಹೇಬರು ಡಯಾಲಿಸಿಸ್‌ಗೆ ಹೋಗಬೇಕಿತ್ತು, ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಇಳಿಸಿದೆವು, ಕುರ್ಚಿಯ ಒಂದು ಕಾಲು ನಾನು ಹಿಡಿದಿದ್ದೆ, ತಿರುವಿನಲ್ಲಿ ಅವರು ನನ್ನ ಭುಜ ಹಿಡಿದುಕೊಂಡು ನಿಮಗೆಲ್ಲಾ ತೊಂದ್ರೆ ಕೊಟ್ಟೆ ಬ್ಯಾಟರಾಯಪ್ಪ ಎಂದರು. ಪೂರ್ತಿ ಹೆಸರು. ನಾನು ಮೆಟ್ಟಿಲು ನೋಡಿದೆ. ಆ ಸಂಜೆ ಮೀಟಿಂಗ್, ಮತ್ತೆ ಕುರ್ಚಿ, ಮತ್ತೆ ಗೋಡೆ, ನಂದಕುಮಾರ್ ಅವಳನ್ನು ನಿಲ್ಲಿಸಿ ಅರ್ಧ ಗಂಟೆ ಬೈದ, ನಿಮ್ಮ ಮಣ್ಣಿನ ವಿದ್ಯೆ ನಂಬಿ ಕೆಟ್ವಿ, ವಿದ್ಯಾರಣ್ಯಪುರದಲ್ಲೂ ಕೆಲಸ ಒಪ್ಕೊಂಡಿದೀರಂತಲ್ಲ, ಅವರಿಗೂ ಹೇಳಿದೀನಿ, ಅವರೂ ಬೇಡ ಅಂದ್ರು ಎಂದ. ಅವಳು ಮೈಕ್ ತಗೊಂಡು, ಕಾಕಾ ಕಲಿಸಿದ್ದು ಬರೋಬ್ಬರಿ ಐತ್ರಿ, ತಳ ಪರೀಕ್ಷೆ ಮಾಡೂದು ನನ್ನ ಕೆಲಸ, ನಾ ಮಾಡ್ಲಿಲ್ಲ, ತಪ್ಪು ನಂದಾ ಎಂದಳು. ಕಾಕಾ ಎಂದರೆ ಯಾರು ಎಂದು ಅಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ, ಯಾರೂ ಹಿಂದಕ್ಕೆ ತಿರುಗಿ ನೋಡಲಿಲ್ಲ. ನಾನು ಕುರ್ಚಿ ಮಡಚಿದೆ. ಗೌರಮ್ಮ ಪೊರಕೆ ಹಿಡಿದು ಕೆಳಗೆ ಕಾಯುತ್ತಿದ್ದಳು, ಪಾಪ ಆ ಮಗು, ಬೋರ್ಡಿಗೆ ಮೊದ್ಲು ನಿನ್ ಎಸ್ರೇ ಬರ್ಸಿತ್ತು ಕಣಣ್ಣ, ಮೇಲ್ಗಡೆ, ಸೆಕ್ರೆಟ್ರಿ ತೆಗ್ಸಾಕ್ದ, ಅದಕ್ಕೇ ಒಂದ್ವಾರ ಜಗಳ ಆಡ್ತು ಎಂದಳು. ಮೊದ್ಲೇ ಯಾಕ್ ಬೊಗಳ್ನಿಲ್ಲ ನೀನು ಎಂದು ಅವಳ ಮೇಲೆ ಹರಿಹಾಯ್ದೆ. ಜಗಳ ಆಡು ಎಂದು ಆ ಹುಡುಗಿಗೆ ಹೇಳಿದವರು ಯಾರು, ಆಡಿದ್ದನ್ನು ನನಗೆ ಹೇಳಬಾರದಿತ್ತೇ, ಬಾಯಿಲ್ಲವೇ ಅವಳಿಗೆ, ಬಾಯಿಲ್ಲವೇ — ನನಗೆ.

ಕೊನೆಯ ಬುಡವೂ ಬಂತು. ನಿನ್ನೆಯೇ ನೀರು ಹೊರಗೆ ಹಾಕಿದ್ದಾರೆ, ಕೆಸರು ಬಾಚಿ ತಳ ತೆರೆದಿಟ್ಟಿದ್ದಾರೆ, ಬೆನ್ನು ಚಾಚಿ ಎದ್ದು ನಿಂತು ಅದನ್ನು ಈಗ ಸರಿಯಾಗಿ ನೋಡುತ್ತಿದ್ದೇನೆ, ನೋಡಬಾರದಿತ್ತು. ಹೆಜ್ಜೆಗಳು. ಮೇಲಿನ ಪದರದ ತುಂಬ ಹೆಜ್ಜೆಗಳು ಹಾಗೇ ಉಳಿದಿವೆ, ಇಷ್ಟು ದಿನ ನೀರಿನಡಿ ಇದ್ದರೂ ಅಳಿಸಿಲ್ಲ, ಗೌರಮ್ಮನ ಚಪ್ಪಟೆ ಪಾದ, ನನ್ನ ಒಡೆದ ಹಿಮ್ಮಡಿ, ಅವೆರಡರ ನಡುವೆ ಸಣ್ಣದು, ಬೆರಳು ಒತ್ತಾಗಿರುವುದು, ಬಟ್ಟೆ ಸುತ್ತಿದ್ದ ಗುರುತಿನ ಸಮೇತ, ಮತ್ತು ಆ ಕುಸಿದ ಮೂಲೆಗೆ ಹೋಗುವ ಕಡೆ ಸಣ್ಣ ಹೆಜ್ಜೆಯ ಪಕ್ಕದಲ್ಲೇ ಸಾಲಾಗಿ ನನ್ನದು, ಎಷ್ಟು ಆಳವಾಗಿ ಒತ್ತಿದ್ದೇನೆ. ಸಣ್ಣ ಹೆಜ್ಜೆಯ ಹಿಮ್ಮಡಿ ಕುಳಿಯಲ್ಲಿ ಒಂದು ಬೊಗಸೆಯಷ್ಟೂ ಇಲ್ಲದ ನೀರು, ಅದರಲ್ಲಿ ಗೊದಮೊಟ್ಟೆ. ಗೇಟಿನಾಚೆ ಗಾಡಿಯ ಸದ್ದು. ನಂದಕುಮಾರ್ ಫೋನ್ ನೋಡುತ್ತಾ ಇಳಿದು ಬರುತ್ತಿದ್ದಾನೆ, ಹೇಳುತ್ತೇನೆ, ಹೇಳಿದೆ — ಸಾರ್, ಆ ಮೂಲೇಲಿ ಪೈಪಿನ್ ಮರಳಿತ್ತು, ನಂಗೊತ್ತಿತ್ತು, ಬೇಕಂತ್ಲೇ ಏಳ್ನಿಲ್ಲ, ಆಯಮ್ಮಂದು ಏನೂ ತಪ್ಪಿಲ್ಲ. ಹೊಡೆಯಲಿ, ಕೆಲಸದಿಂದ ತೆಗೆಯಲಿ, ನಾನೂ ನಾಲ್ಕು ಮಾತು ಇಟ್ಟುಕೊಂಡಿದ್ದೇನೆ, ಅವನ ತಾತನಿಂದ ಹಿಡಿದು. ಹೌದಾ ಎಂದ, ಕಣ್ಣೆತ್ತಲಿಲ್ಲ. ಈಗ್ಯಾಕೆ ಅದೆಲ್ಲ, ಹೋಗ್ ಗೇಟ್ ತೆಗಿ. ಅಷ್ಟೇ. ನಾನು ಮಾಡಿದ ಕೇಡನ್ನೂ ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಗೇಟ್ ತೆಗೆದೆ, ಗಾಡಿ ಒಳಗೆ ಬಂತು, ಹೊಂಗೆ ಮರದ ಮರೆಗೆ ಹೋಗಿ ಅವಳಿಗೆ ಫೋನ್ ಮಾಡಿದೆ, ಕಾಕಾ, ಗಿಡ ಎಲ್ಲಾ ತಗದ್ರೇನ್ರಿ, ಒಂದೀಟು ಬಜೆ ನಿಮ್ಮ ಮನೀಗೂ ಒಯ್ರಿ ಎಂದಳು, ಅದೇ ದನಿ. ಹೇಳಿದೆ. ಮರಳು, ಬೋರ್ಡು, ಊ ತುಳಿ ಅಂದಿದ್ದು, ಎಲ್ಲಾ ಹೇಳಿದೆ. ಗಾಡಿಯ ಡ್ರಮ್ ತಿರುಗುತ್ತಿತ್ತು. ನೀವೂ ನನ್ ಜೋಡಿನಾ ತುಳಿದ್ರೆಲ್ರಿ ಎಂದಳು ಆಮೇಲೆ, ಒಂಬತ್ತು ದಿನ. ಊ ಕಣಮ್ಮ ಎಂದೆ. ಇನ್ ಮ್ಯಾಲೆ ನನಗ ಫೋನ್ ಮಾಡಬ್ಯಾಡ್ರಿ ಎಂದಳು, ಕಟ್ಟಾಯಿತು. ಸರಿ, ಬೇಡ, ಯಾರಿಗೆ ಬೇಕಾಗಿದೆ, ಊರಿಗೆ ಹೋಗಲಿ ಅವಳು, ಅವಳ ಬಜೆಯೂ ಬೇಡ, ಯಾರದೂ ಬೇಡ ನನಗೆ. ಕಾಂಕ್ರೀಟ್ ಜಾರಿಸುವ ತಗಡಿನ ದೋಣಿ ಕೆಳಗಿಳಿಸಿ ಡ್ರೈವರ್ ಯಾವ ಕಡೆಯಿಂದ ಬಿಡ್ಲಿ ಯಜಮಾನ್ರೇ ಎನ್ನುತ್ತಾನೆ, ಆ ಮೂಲೆಯಿಂದ ಎಂದು ನಂದಕುಮಾರ್ ಕೈ ತೋರಿಸುತ್ತಾನೆ, ಬೂದು ಗಂಜಿ ದಪ್ಪಗೆ ಜಾರಿ ಮೊದಲು ನನ್ನ ಹಿಮ್ಮಡಿಗಳನ್ನು ಒಂದೊಂದಾಗಿ ತುಂಬುತ್ತಾ ಬರುತ್ತಿದೆ, ಪಕ್ಕದ ಸಣ್ಣ ಹೆಜ್ಜೆ, ಅದರ ಹಿಂದಿನ ಸಣ್ಣ ಹೆಜ್ಜೆ, ಗೊದಮೊಟ್ಟೆ ಮೊಗೆಯಲು ಮಗ್ ಎಲ್ಲಿಟ್ಟೆ, ಇಲ್ಲ, ಇಳಿಯಲಾಗುವುದಿಲ್ಲ, ಆ ಸಣ್ಣ ಹೆಜ್ಜೆ, ಅದರ ಕುಳಿಯಲ್ಲಿ ನೀರು, ನೀರಿನಲ್ಲಿ ಬಾಲ, ಬಾಲ ಅಲ್ಲಾಡುತ್ತಿದೆ, ಸಣ್ಣ ಹೆಜ್ಜೆ, ನೀರು, ಬಾಲ —