ಚೌಕಳಿ ಅಂಗಿಯವನು

ಟೀವಿಯಲ್ಲಿ ಮತ್ತೆ ಅದೇ ಕಥೆ. ಮಹಾನಗರದಲ್ಲಿ ದುಡಿದು ಬೇಸತ್ತ ಹುಡುಗಿ ಕ್ರಿಸ್‌ಮಸ್‌ಗೆಂದು ಹುಟ್ಟೂರಿಗೆ ಬರುತ್ತಾಳೆ. ಹೆಸರು, ಕೋಟಿನ ಬಣ್ಣ ಬಿಟ್ಟರೆ ಪ್ರತಿ ವರ್ಷವೂ ಅವಳೇ.

ಡೊರೀನ್ ಮತ್ತು ಹಬ್ಬಕ್ಕೆ ಬಂದಿದ್ದ ಮಗಳು ಪಾಲೆಟ್ ಸೋಫಾದಲ್ಲಿ ಕಾಲು ಮಡಚಿ ಕೂತಿದ್ದರು. ಇಬ್ಬರ ಕೈಯಲ್ಲೂ ಒಂದೊಂದು ಹಾಳೆ. ಡೊರೀನ್‌ಳ ಗಂಡ ರಾಯ್ ಹಾಳೆಯಲ್ಲಿ ಚೌಕ ಚೌಕವಾಗಿ ಮನೆ ಎಳೆದು, ಇಂಥ ಕಥೆಗಳಲ್ಲಿ ತಪ್ಪದೆ ಬರುವ ಸಂಗತಿಗಳನ್ನು ಒಂದೊಂದು ಮನೆಯಲ್ಲಿ ಬರೆದು ಮಾಡಿದ್ದ ಆಟ ಅದು. ಬರೆದದ್ದು ಟೀವಿಯಲ್ಲಿ ನಡೆದ ಕೂಡಲೇ ಗುರುತು ಹಾಕಬೇಕು. ಗೆದ್ದವರಿಗೆ ಡಬ್ಬಿಯಲ್ಲಿನ ಕೊನೆಯ ಶುಂಠಿ ಬಿಸ್ಕತ್ತು. ರಾಯ್ ತೀರಿಕೊಂಡು ನಾಲ್ಕು ವರ್ಷವಾದರೂ ಹಾಳೆಯಲ್ಲಿ ಅವನದೇ ಕೈಬರಹ, ನಕಲು ತೆಗೆಸಿ ಇಟ್ಟದ್ದು.

"ನೋಡ್ತಾ ಇರಮ್ಮ, ಈಗ ಮೂಗಿಗೆ ಹಿಟ್ಟು ಮೆತ್ಕೊಳ್ತಾಳೆ," ಎಂದಳು ಪಾಲೆಟ್.

ಮೆತ್ತಿಕೊಂಡಳು.

ಡೊರೀನ್‌ಗೆ ನಗು ಬರಲಿಲ್ಲ. ಮೂರು ಗಂಟೆಗೆ ವೆಂಡೆಲ್ ಬರುವವನಿದ್ದ. ಅಷ್ಟರೊಳಗೆ ಅವನನ್ನು ಮದುವೆಯಾಗುವ ವಿಷಯ ಮಗಳಿಗೆ ಹೇಳಬೇಕಿತ್ತು. ಹೇಗೆ ಹೇಳುವುದು? ವೆಂಡೆಲ್ ವಿಧುರ. ಊರಾಚೆ ಕ್ರಿಸ್‌ಮಸ್ ಮರ ಬೆಳೆದು ಮಾರುತ್ತಾನೆ. ಸಾಲದ್ದಕ್ಕೆ ಒಂದು ನಾಯಿ ಬೇರೆ. ಟೀವಿಯ ಈ ಕಥೆಗಳಲ್ಲಿ ಕೊನೆಗೆ ಹುಡುಗಿಯ ಕೈಹಿಡಿಯುವ ಚೌಕಳಿ ಅಂಗಿಯ ನಾಯಕನೂ ಥೇಟ್ ಹೀಗೇ. ಇಷ್ಟು ವರ್ಷ ಇಂಥವನನ್ನೇ ಆಡಿಕೊಂಡು ನಕ್ಕವಳು ಅರವತ್ತೆಂಟನೇ ವಯಸ್ಸಿನಲ್ಲಿ ಅವನಿಗೇ ಹೂಂ ಅಂದು ಕೂತಿದ್ದಳು. ಮಗಳು ನಕ್ಕರೂ ಕಷ್ಟ, ಅತ್ತರೂ ಕಷ್ಟ.

"ಪಾಲೆಟ್, ನಿಂಗೊಂದ್ ಮಾತು ಹೇಳ್ಬೇಕಿತ್ತು."

"ಜಾಹೀರಾತು ಬರ್ಲಿ, ತಾಳಮ್ಮ. ಚೌಕಳಿ ಅಂಗಿಯೋನು ಇನ್ನೇನು ಬಂದ!"

ಬಾಗಿಲು ಬಡಿದ ಸದ್ದಾಯಿತು. ಪಾಲೆಟ್ ಎದ್ದು ಹೋಗಿ ತೆರೆದಳು. ಅರ್ಧ ಗಂಟೆ ಮುಂಚೆಯೇ ಬಂದ ವೆಂಡೆಲ್ ನಿಂತಿದ್ದ. ಹೆಗಲ ಮೇಲೆ ಮರ, ಕಾಲ ಬಳಿ ನಾಯಿ, ಮೈಮೇಲೆ ಕೆಂಪು ಚೌಕಳಿ ಅಂಗಿ. ಅದೊಂದನ್ನು ಮಾತ್ರ ಹಾಕಬೇಡ ಮಾರಾಯ ಎಂದು ಡೊರೀನ್ ಅಂಗಲಾಚಿದ್ದಳು.

"ಒಗೆದಿರೋದು ಇದೊಂದೇ ಇತ್ತು," ಎಂದ ಅವನು, ಡೊರೀನ್‌ಳ ಮುಖ ನೋಡಿ.

ಪಾಲೆಟ್ ಅವನನ್ನು ನೋಡಿದಳು, ತಾಯಿಯನ್ನು ನೋಡಿದಳು.

"ಮದ್ವೆ ಆಗ್ತಿದೀವಿ ಕಣೆ," ಎಂದಳು ಡೊರೀನ್. "ನಗ್ಬೇಡ."

ಪಾಲೆಟ್ ನಗಲಿಲ್ಲ. ಸೋಫಾಕ್ಕೆ ಮರಳಿ ಹಾಳೆಯನ್ನು ಎತ್ತಿಕೊಂಡಳು. ಒಂದು ಮನೆಯಲ್ಲಿದ್ದ ಅಪ್ಪನ ಅಕ್ಷರಗಳ ಮೇಲೆ ಅವಳ ಬೆರಳು ನಿಂತಿತು.

"ಅಪ್ಪ ಏನ್ ಬರ್ದಿದಾರೆ, ಓದಮ್ಮ," ಎಂದಳು ಪಾಲೆಟ್. ಹಾಳೆಯನ್ನು ತಾಯಿಯತ್ತ ಚಾಚಿದಳು.

ಡೊರೀನ್ ಕನ್ನಡಕ ಸರಿಮಾಡಿಕೊಂಡು ಓದಿದಳು: "ಚೌಕಳಿ ಅಂಗಿಯವನು ಬಂದ. ಇನ್ನು ಇವಳ ಚಿಂತೆಯಿಲ್ಲ."

ಪಾಲೆಟ್ ಕಣ್ಣೊರೆಸಿಕೊಂಡು ಆ ಮನೆಗೆ ಗುರುತು ಹಾಕಿದಳು. ಆಮೇಲೆ ಡಬ್ಬಿ ತೆರೆದು ಕೊನೆಯ ಶುಂಠಿ ಬಿಸ್ಕತ್ತನ್ನು ವೆಂಡೆಲ್‌ನ ಕೈಗಿಟ್ಟಳು.